ಬಾರ್ನ್ ನಿಯಮ ಮತ್ತು ಕ್ವಾಂಟಮ್ ಗಣಕ

ಒಂದು ಎಲೆಕ್ಟ್ರಾನ್ ಎಲ್ಲಿ ಸಿಗುತ್ತದೆ ಎಂಬುದನ್ನು ಕ್ವಾಂಟಮ್ ಭೌತವಿಜ್ಞಾನ ಹೇಳುವುದಿಲ್ಲ; ಎಲ್ಲೆಲ್ಲಿ ಸಿಗುವ ಸಂಭವ ಎಷ್ಟೆಷ್ಟು ಎಂಬುದನ್ನು ಮಾತ್ರ ಹೇಳುತ್ತದೆ. ಆ ಸಂಭವವನ್ನು ಲೆಕ್ಕ ಹಾಕುವ ಸೂತ್ರವೇ ಬಾರ್ನ್ ನಿಯಮ. ಶ್ರೋಡಿಂಗರ್ 1926ರಲ್ಲಿ ತಮ್ಮ ಅಲೆಸಮೀಕರಣ ಪ್ರಕಟಿಸಿದಾಗ ಅದು ಯಾವುದರ ಅಲೆ ಎಂಬ ಪ್ರಶ್ನೆ ಎದ್ದಿತು. ಎಲೆಕ್ಟ್ರಾನಿನ ವಿದ್ಯುದಾವೇಶವೇ ಅಲೆಯಾಗಿ ಹರಡಿದೆ ಎಂದು ಅವರು ಎಣಿಸಿದ್ದರು. ಅದೇ ವರ್ಷ ಗಟಿಂಗೆನ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಬಾರ್ನ್ ಬೇರೆ ಉತ್ತರ ಕೊಟ್ಟರು: ಅಲೆ ಇರುವುದು ಸಂಭವವನ್ನು ತಿಳಿಸಲು. ಅವರ ಪ್ರಬಂಧದ ಮೂಲ ಪಠ್ಯದಲ್ಲಿ ಅಲೆಯ ಆಂಪ್ಲಿಟ್ಯೂಡೇ, ಅಂದರೆ ಅದರ ಏರಿಳಿತದ ಅಳತೆಯೇ, ಸಂಭವ ಎಂದಿತ್ತು. ಸಂಭವ ಇರುವುದು ಅದರ ವರ್ಗದಲ್ಲಿ ಎಂಬ ತಿದ್ದುಪಡಿ ಕರಡಚ್ಚಿನ ಹಂತದಲ್ಲಿ ಅಡಿಟಿಪ್ಪಣಿಯಾಗಿ ಸೇರಿತು. ಈ ಕೆಲಸಕ್ಕೆ ನೊಬೆಲ್ ಬಂದದ್ದು 1954ರಲ್ಲಿ. ಅಡಿಟಿಪ್ಪಣಿಗಳನ್ನು ಓದದೆ ಬಿಡುವವರು ಗಮನಿಸಬೇಕಾದ ಸಂಗತಿ ಇದು.

ನಾಜಿ ಕಾನೂನಿನಿಂದ 1933ರಲ್ಲಿ ಹುದ್ದೆ ಕಳೆದುಕೊಂಡ ಬಾರ್ನ್, 1935-36ರ ಚಳಿಗಾಲದಲ್ಲಿ ಸುಮಾರು ಆರು ತಿಂಗಳು ಬೆಂಗಳೂರಿನಲ್ಲಿದ್ದರು. ಅವರನ್ನು ಕರೆಸಿಕೊಂಡವರು ಭಾರತೀಯ ವಿಜ್ಞಾನ ಸಂಸ್ಥೆಯ ಅಂದಿನ ನಿರ್ದೇಶಕ ಸಿ.ವಿ. ರಾಮನ್. ಅದೇ ಸಂಸ್ಥೆಯ ಎನ್.ಎಸ್. ನಾಗೇಂದ್ರನಾಥ್ ಆ ದಿನಗಳಲ್ಲಿ ಬಾರ್ನ್ ಜೊತೆ ಸೇರಿ ಬೆಳಕಿನ ಸಿದ್ಧಾಂತದ ಬಗ್ಗೆ ಬರೆದರು. ಸೆಂಟ್ರಲ್ ಕಾಲೇಜಿನ ಬಿ.ಎಸ್. ಮಾಧವರಾವ್ ಬಾರ್ನ್ ಅವರ ಕ್ಷೇತ್ರಸಿದ್ಧಾಂತವನ್ನು ಮುಂದುವರಿಸಿದರು. ಬಾರ್ನ್‌ಗೆ ಇಲ್ಲಿಯೇ ಕಾಯಂ ಹುದ್ದೆ ಕೊಡಿಸುವ ರಾಮನ್ ಪ್ರಯತ್ನ ಮಾತ್ರ ಕೈಗೂಡಲಿಲ್ಲ. 1936ರಲ್ಲಿ ಬಾರ್ನ್ ಎಡಿನ್‌ಬರೋಗೆ ಹೋದರು.

ಆಂಪ್ಲಿಟ್ಯೂಡಿಗೂ ಸಂಭವಕ್ಕೂ ಇರುವ ಮುಖ್ಯ ವ್ಯತ್ಯಾಸ ಚಿಹ್ನೆಯದು. ಸಂಭವ ಎಂದೂ ಸೊನ್ನೆಗಿಂತ ಕೆಳಗಿಳಿಯದು. ಆಂಪ್ಲಿಟ್ಯೂಡ್ ಋಣವೂ ಆಗಬಹುದು, ಇನ್ನೂ ಸಾಮಾನ್ಯವಾಗಿ ಸಂಕೀರ್ಣ ಸಂಖ್ಯೆಯೂ ಆಗಬಹುದು. ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಯನ್ನು ಸೇರುವಾಗ ನೀರಿಗೆ ನೀರು ಕೂಡಿ ಹೊಳೆ ಹಿಗ್ಗುತ್ತದೆಯೇ ಹೊರತು ತಗ್ಗುವುದಿಲ್ಲ. ಅದೇ ನೀರಿನ ಮೇಲೆ ಒಂದು ಅಲೆಯ ಉಬ್ಬು ಇನ್ನೊಂದರ ತಗ್ಗಿಗೆ ಎದುರಾದರೆ ಆ ಜಾಗ ಸಪಾಟಾಗುತ್ತದೆ. ಸಂಭವಗಳು ಸೇರುವುದು ನೀರಿನಂತೆ, ಆಂಪ್ಲಿಟ್ಯೂಡುಗಳು ಸೇರುವುದು ಅಲೆಯಂತೆ.

ಎರಡು ಸೀಳುಗಂಡಿಗಳಿರುವ ತಡೆಯನ್ನು ಎಲೆಕ್ಟ್ರಾನ್ ದಾಟಬೇಕು ಎನ್ನೋಣ. ಪರದೆಯ ಒಂದು ಬಿಂದುವಿಗೆ ಪ್ರತಿ ಗಂಡಿಯ ಮೂಲಕ ಬರುವ ಆಂಪ್ಲಿಟ್ಯೂಡ್ ½ ಆದರೆ, ಒಂದೇ ಗಂಡಿ ತೆರೆದಿರುವಾಗ ಸಂಭವ ¼. ಎರಡನ್ನೂ ತೆರೆದರೆ ¼ಕ್ಕೆ ¼ ಸೇರಿ ½ ಆಗಬೇಕೆಂದು ತೋರುತ್ತದೆ. ಹಾಗಾಗುವುದಿಲ್ಲ. ಮೊದಲು ಕೂಡಬೇಕು, ಆಮೇಲೆ ವರ್ಗ ಮಾಡಬೇಕು: ½ ಮತ್ತು ½ ಕೂಡಿದರೆ 1, ಅದರ ವರ್ಗವೂ 1. ಇನ್ನೊಂದು ಬಿಂದುವಿನಲ್ಲಿ ½ ಮತ್ತು −½ ಎದುರಾದರೆ ಫಲ ಸೊನ್ನೆ. ಇನ್ನೊಂದು ದಾರಿ ತೆರೆದದ್ದರಿಂದಲೇ ಎಲೆಕ್ಟ್ರಾನ್ ಅಲ್ಲಿಗೆ ಬರುವುದು ನಿಂತುಹೋಗುತ್ತದೆ. ಇದಕ್ಕೆ ವ್ಯತಿಕರಣ ಎಂದು ಹೆಸರು. ಕ್ವಾಂಟಮ್ ಲೋಕದ ವಿಚಿತ್ರಗಳಲ್ಲಿ ಬಹುಪಾಲು ಈ ಒಂದು ಲೆಕ್ಕದಿಂದಲೇ ಹುಟ್ಟುತ್ತವೆ.

ಆದರೆ ವರ್ಗವೇ ಏಕೆ, ಘನವೇಕಲ್ಲ? ಮೂರು ಗಂಡಿಗಳಿಟ್ಟರೆ ಇದನ್ನು ಪರೀಕ್ಷಿಸಬಹುದೆಂದು ರಫೇಲ್ ಸಾರ್ಕಿನ್ 1994ರಲ್ಲಿ ತೋರಿಸಿದರು. ಅದರ ತಿರುಳು ಹೈಸ್ಕೂಲಿನ ಬೀಜಗಣಿತದಲ್ಲೇ ಇದೆ. a+b+c ಮೊತ್ತದ ವರ್ಗದಲ್ಲಿ ab, bc, ca ಎಂಬ ಜೋಡಿ ಪದಗಳು ಬರುತ್ತವೆ, ಮೂರೂ ಸೇರಿದ abc ಬರುವುದಿಲ್ಲ, ಘನದಲ್ಲಿ ಬರುತ್ತದೆ. ಆದ್ದರಿಂದ ಮೂರು ಗಂಡಿಗಳ ವ್ಯತಿಕರಣವನ್ನು ಜೋಡಿಗಳ ಲೆಕ್ಕ ಪೂರ್ತಿ ವಿವರಿಸಬೇಕು. ಕೆನಡಾದ ವಾಟರ್ಲೂವಿನಲ್ಲಿ ಊರ್ಬಸಿ ಸಿನ್ಹಾ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಂಥ ಮೂರರ ಪದವೇನಾದರೂ ಇದ್ದರೆ ಅದು ಜೋಡಿ ಪದಗಳ ನೂರರಲ್ಲೊಂದು ಪಾಲಿಗಿಂತ ಕಡಿಮೆ ಎಂದು ತಿಳಿಯಿತು. ಸಿನ್ಹಾ ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಒಂದು ಗಂಡಿಯಲ್ಲಿ ನುಗ್ಗಿ, ಪಕ್ಕದ್ದಕ್ಕೆ ಸುತ್ತುಹಾಕಿ ಬರುವ ದಾರಿಗಳೂ ಲೆಕ್ಕಕ್ಕೆ ಸೇರಬೇಕೆಂದು ಅಲ್ಲಿನ ತಂಡ 2014ರಲ್ಲಿ ತೋರಿಸಿತು. 2018ರಲ್ಲಿ ಮೈಕ್ರೋವೇವ್ ಅಲೆಗಳಿಂದ ಅದನ್ನು ಅಳೆಯಿತು. ಇದರಿಂದ ಬಾರ್ನ್ ನಿಯಮಕ್ಕೆ ಕುಂದು ಬರಲಿಲ್ಲ. ಪಠ್ಯಪುಸ್ತಕಗಳು ಮೂರು ದಾರಿಗಳನ್ನು ಕೂಡಿ ಸುಮ್ಮನಾಗುವುದು ಸ್ಥೂಲ ಲೆಕ್ಕ ಎಂಬುದಷ್ಟೇ ಖಚಿತವಾಯಿತು.

ಕ್ವಾಂಟಮ್ ಗಣಕ ನಡೆಯುವುದು ಇದೇ ನಿಯಮದ ಮೇಲೆ. ಅದರ ಘಟಕ ಕ್ಯೂಬಿಟ್. 0 ಮತ್ತು 1 ಎರಡಕ್ಕೂ ಒಂದೊಂದು ಆಂಪ್ಲಿಟ್ಯೂಡ್. ಎರಡು ಕ್ಯೂಬಿಟ್‌ಗಳಿಗೆ ನಾಲ್ಕು, ಮೂರಕ್ಕೆ ಎಂಟು. 300 ತಲುಪುವಾಗ ಅವುಗಳ ಸಂಖ್ಯೆ ಕಾಣುವ ವಿಶ್ವದ ಪರಮಾಣುಗಳ ಸಂಖ್ಯೆಯನ್ನೂ ಮೀರುತ್ತದೆ. ಎಲ್ಲ ಉತ್ತರಗಳನ್ನೂ ಒಮ್ಮೆಗೇ ಪರೀಕ್ಷಿಸುವ ಯಂತ್ರ ಎಂಬ ಜನಪ್ರಿಯ ವಿವರಣೆ ಇಲ್ಲಿಂದ ಹುಟ್ಟಿದ್ದು, ಮತ್ತು ಅದು ದಾರಿ ತಪ್ಪಿಸುವ ವಿವರಣೆ. ಅಳೆದಾಗ ಕೈಗೆ ಸಿಗುವುದು ಒಂದೇ ಉತ್ತರ, ಅದೂ ಬಾರ್ನ್ ನಿಯಮದ ಪ್ರಕಾರ. ಸರಿಯುತ್ತರದ ಆಂಪ್ಲಿಟ್ಯೂಡ್ ಉಬ್ಬಿ ಉಳಿದವು ಅಳಿಸಿಹೋಗುವಂತೆ ಮೊದಲೇ ಏರ್ಪಾಡು ಮಾಡುವುದೇ ಇಲ್ಲಿನ ಕೌಶಲ.

ಲವ್ ಗ್ರೋವರ್ 1996ರಲ್ಲಿ ಕೊಟ್ಟ ಹುಡುಕಾಟದ ವಿಧಾನದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ನಾಲ್ಕು ದಾಖಲೆಗಳಲ್ಲಿ ಬೇಕಾದದ್ದು ಒಂದು. ಎರಡು ಕ್ಯೂಬಿಟ್ ಸಾಕು. ನಾಲ್ಕು ಆಂಪ್ಲಿಟ್ಯೂಡುಗಳೂ ½. ಮೊದಲ ಹೆಜ್ಜೆಯಲ್ಲಿ ಬೇಕಾದ ದಾಖಲೆಯ ಚಿಹ್ನೆ ಬದಲಾಗಿ −½ ಆಗುತ್ತದೆ. ನಾಲ್ಕರ ಸರಾಸರಿ ಈಗ ¼. ಎರಡನೆಯ ಹೆಜ್ಜೆಯಲ್ಲಿ ಸರಾಸರಿಯ ಇಮ್ಮಡಿಯಿಂದ ಪ್ರತಿಯೊಂದನ್ನೂ ಕಳೆಯಬೇಕು. ½ರಿಂದ ½ ಹೋದರೆ ಸೊನ್ನೆ, −½ ಹೋದರೆ 1. ಒಂದೇ ಸುತ್ತಿನಲ್ಲಿ ಬೇಕಾದದ್ದು ಖಚಿತವಾಗಿ ಸಿಕ್ಕಿತು. ಹತ್ತು ಲಕ್ಷ ದಾಖಲೆಗಳಾದರೆ ಸಾಮಾನ್ಯ ಗಣಕ ಸರಾಸರಿ ಐದು ಲಕ್ಷ ಸಲ ನೋಡಬೇಕು. ಗ್ರೋವರ್ ವಿಧಾನಕ್ಕೆ 800ಕ್ಕಿಂತ ಕಡಿಮೆ ಸುತ್ತು ಸಾಕು. ದೊಡ್ಡ ಸಂಖ್ಯೆಗಳ ಅಪವರ್ತನಕ್ಕೆ ಪೀಟರ್ ಶೋರ್ 1994ರಲ್ಲಿ ಕಂಡುಹಿಡಿದ ವಿಧಾನದ ಲಾಭ ಇದಕ್ಕಿಂತ ಬಹಳ ದೊಡ್ಡದು. ಅಪವರ್ತನದ ಕಷ್ಟವನ್ನೇ ನಂಬಿರುವ ಇಂದಿನ ಸಂಕೇತಲಿಪಿಗಳಿಗೆ ಅಪಾಯ ಬರುವುದು ಅದರಿಂದಲೇ.

ಕಷ್ಟವಿರುವುದು ಯಂತ್ರದಲ್ಲಿ. ಕ್ಯೂಬಿಟ್ ಸುತ್ತಲಿನ ವಸ್ತುಗಳೊಂದಿಗೆ ಸ್ವಲ್ಪ ಬೆರೆತರೂ ಚಿಹ್ನೆಗಳ ಲೆಕ್ಕ ಕೆಡುತ್ತದೆ. ಹೀಗಾಗಿ ಅತಿವಾಹಕ ಕ್ಯೂಬಿಟ್‌ಗಳನ್ನು ನಿರಪೇಕ್ಷ ಶೂನ್ಯಕ್ಕಿಂತ ಡಿಗ್ರಿಯ ನೂರರಲ್ಲೊಂದೆರಡು ಪಾಲಿನಷ್ಟೇ ಮೇಲಿನ ಚಳಿಯಲ್ಲಿ ಇಡುತ್ತಾರೆ. ಇಂಥ ಯಂತ್ರ ಕಟ್ಟುವ ಯತ್ನ ಭಾರತದಲ್ಲೂ ನಡೆದಿದೆ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿನ ಮೊತ್ತ 6,003.65 ಕೋಟಿ ರೂಪಾಯಿ. ಅದರ ಗಣಕ ವಿಭಾಗದ ಕೇಂದ್ರ ಭಾರತೀಯ ವಿಜ್ಞಾನ ಸಂಸ್ಥೆ. 2025ರಲ್ಲಿ ಬೆಂಗಳೂರಿನ ಕ್ಯೂಪಿಎಐ ಕಂಪನಿ 25 ಕ್ಯೂಬಿಟ್‌ಗಳ ಯಂತ್ರವನ್ನು ಪ್ರಕಟಿಸಿತು. 2024ರ ಕೊನೆಗೆ ಗೂಗಲ್ ತೋರಿಸಿದ ವಿಲ್ಲೋ ಚಿಪ್ಪಿನಲ್ಲಿ ಇದ್ದದ್ದು 105. ಬ್ಯಾಂಕುಗಳು ಬಳಸುವ 2048 ಬಿಟ್‌ಗಳ ಬೀಗ ಒಡೆಯಲು ಎರಡು ಕೋಟಿ ಕ್ಯೂಬಿಟ್ ಬೇಕೆಂದು 2019ರಲ್ಲಿ ಅಂದಾಜಿಸಿದ್ದರು; 2025ರ ಅಂದಾಜು ಹತ್ತು ಲಕ್ಷಕ್ಕಿಂತ ಕಡಿಮೆ. ಯಂತ್ರ ಬರುವವರೆಗೆ ಕಾಯದೆ, ಅದಕ್ಕೆ ಬಗ್ಗದ ಹೊಸ ಸಂಕೇತಲಿಪಿಗಳ ಮಾನಕಗಳನ್ನು ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿಯೇ ಹೊರಡಿಸಿದೆ.