ಪಟ್ಟಿಯ ಲೆಕ್ಕವೂ ಪೈಥಾನೂ



ಉಮರ್ಗಾ, ನಿಲಂಗಾ, ಉದಗೀರ ಕಡೆಯ ಅನೇಕ ಮನೆಗಳಲ್ಲಿ ಮಾತು ಕನ್ನಡ, ಶಾಲೆ ಮರಾಠಿ. ನಿಲಂಗಾ ಮತ್ತು ಉದಗೀರ 1956ರವರೆಗೆ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು; ಗಡಿ ಸರಿಯಿತು, ಮಾತು ಮನೆಯಲ್ಲಿ ಉಳಿಯಿತು. ಇಂಥ ಮನೆಯ ಮಕ್ಕಳಿಗೆ ಕಂಪ್ಯೂಟರ್ ಎಂದಕೂಡಲೇ ಮೂರನೆಯ ಭಾಷೆಯೊಂದು ಅಡ್ಡ ಬಂದು ನಿಲ್ಲುತ್ತದೆ. ಇಂಗ್ಲಿಷ್ ಬಾರದವರಿಗೆ ಪ್ರೋಗ್ರಾಂ ಬರೆಯಲು ಬಾರದು ಎಂದು ಹೆದರಿಸುವವರು ಊರಿಗೊಬ್ಬರಾದರೂ ಇದ್ದಾರೆ. ಆ ಮಾತು ಎಷ್ಟು ನಿಜವೆಂದು ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯ ಮೊದಲ ಪಾಠದಲ್ಲೇ ನೋಡಿಬಿಡೋಣ.

ಪೈಥಾನನ್ನು ರೂಪಿಸಿದವರು ನೆದರ್ಲೆಂಡ್ಸ್ ದೇಶದ ಗೀಡೋ ವಾನ್ ರೋಸಮ್. ಅದು ಹೊರಬಂದದ್ದು 1991ರಲ್ಲಿ. ಹೆಸರು ಹೆಬ್ಬಾವಿನದಲ್ಲ, ಬ್ರಿಟಿಷ್ ಟೆಲಿವಿಷನ್ನಿನ ‘ಮಾಂಟಿ ಪೈಥಾನ್’ ಹಾಸ್ಯ ಕಾರ್ಯಕ್ರಮದ್ದು. ಇದನ್ನು ಪಡೆಯಲು ದುಡ್ಡು ಕೊಡಬೇಕಾಗಿಲ್ಲ. 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದೀಚೆಗೆ ಪ್ರೋಗ್ರಾಮಿನೊಳಗೆ ನೀವು ಇಡುವ ಹೆಸರುಗಳು ಕನ್ನಡದಲ್ಲೂ ಇರಬಹುದು.

ಅಡತಿಯಲ್ಲಿ ಸೋಯಾ ಮಾರಿದಾಗ ಕೈಗೊಂದು ಪಟ್ಟಿ ಬರುತ್ತದೆ. ತೂಕವೆಷ್ಟು, ಕ್ವಿಂಟಲಿಗೆ ದರವೆಷ್ಟು, ಹಮಾಲಿ, ತೋಲಾಯಿ ಎಂದು ಕಡಿತವೆಷ್ಟು, ಎಲ್ಲ ಅದರಲ್ಲಿರುತ್ತದೆ. ಓದದೆ ಮಡಚಿ ಜೇಬಿಗಿಡುವ ಹಿರಿಯರೇ ಹೆಚ್ಚು. ಆ ಪಟ್ಟಿಯನ್ನೇ ಪಾಠ ಮಾಡಿಕೊಳ್ಳಿ. ಒಂದರ ಕೆಳಗೊಂದು ಹೀಗೆ ಬರೆಯಿರಿ:

ತೂಕ = 6
ದರ = 4000
ಕಡಿತ = 100
ಮೊತ್ತ = ತೂಕ * ದರ - ಕಡಿತ

ನಕ್ಷತ್ರದ ಗುರುತು ಗುಣಾಕಾರಕ್ಕೆ. ಎರಡು ಗೆರೆಯ ಗುರುತು ಶಾಲೆಯ ಗಣಿತದ ‘ಸಮ’ ಅಲ್ಲ. ಬಲಗಡೆ ಇರುವುದನ್ನು ಎಡಗಡೆಯ ಹೆಸರಿನಲ್ಲಿ ಇಡು ಎಂಬ ಅಪ್ಪಣೆ. ಅಡಿಗೆಮನೆಯ ಡಬ್ಬಿಗೆ ಚೀಟಿ ಅಂಟಿಸಿದಂತೆ. ಇನ್ನು ‘ಪ್ರಿಂಟ್’ ಎಂದು ಇಂಗ್ಲಿಷಿನಲ್ಲಿ ಬರೆದು ಆವರಣದೊಳಗೆ ‘ಮೊತ್ತ’ ಎಂದು ಹಾಕಿದರೆ ತೆರೆಯ ಮೇಲೆ 23900 ಮೂಡುತ್ತದೆ.

ದಿನಕ್ಕೊಂದು ದರವಿರುವಾಗ ಪ್ರತಿಸಲ ಪ್ರೋಗ್ರಾಂ ತಿದ್ದುತ್ತ ಕೂರಲಾದೀತೇ? ಅದಕ್ಕೆಂದೇ ‘ಇನ್‌ಪುಟ್’ ಇದೆ. ಅದು ನಿಮ್ಮನ್ನು ಕೇಳಿ ಅಂಕಿ ತೆಗೆದುಕೊಳ್ಳುತ್ತದೆ. ಹೊಸಬರು ಎಡವುವುದು ಇಲ್ಲೇ. 50 ಮತ್ತು 60 ಎಂದು ಒತ್ತಿ ಕೂಡಿಸಿದರೆ 110 ಬರುವುದಿಲ್ಲ, 5060 ಬರುತ್ತದೆ! ಕೀಲಿಮಣೆಯಿಂದ ಬಂದದ್ದೆಲ್ಲ ಅದಕ್ಕೆ ಬರೀ ಬರಹ. ಬರಹಕ್ಕೆ ಬರಹ ಅಂಟಿಸುತ್ತದೆ. ಅದನ್ನು ಸಂಖ್ಯೆ ಮಾಡಲು ‘ಇಂಟ್’ ಎಂಬುದರ ಆವರಣದೊಳಗೆ ಇಡಬೇಕು. ಆರು ಕ್ವಿಂಟಲ್ ನಲವತ್ತು ಕಿಲೋ, ಅಂದರೆ 6.4 ಎಂಬಂಥ ದಶಾಂಶವಿದ್ದರೆ ‘ಇಂಟ್’ ಬದಲು ‘ಫ್ಲೋಟ್’.

ಗಡಿಯವರಿಗೆ ಸಂತೋಷವಾಗುವ ಸಂಗತಿಯೂ ಇಲ್ಲೇ ಇದೆ. ಅಜ್ಜ ೫೦ ಎಂದು ಕನ್ನಡ ಅಂಕಿಯಲ್ಲಿ ಒತ್ತಲಿ, ಮೊಮ್ಮಗಳು ಶಾಲೆಯಲ್ಲಿ ಕಲಿತ ಮರಾಠಿ ಅಂಕಿಯಲ್ಲೇ ಒತ್ತಲಿ, ‘ಇಂಟ್’ ಎರಡನ್ನೂ ಐವತ್ತೆಂದೇ ತಿಳಿಯುತ್ತದೆ. ಆದರೆ ಪ್ರೋಗ್ರಾಮಿನ ಸಾಲಿನಲ್ಲಿ ನೇರವಾಗಿ ಬರೆಯುವ ಸಂಖ್ಯೆಗೆ ಈ ಸವಲತ್ತಿಲ್ಲ. ಅಲ್ಲಿ ಇಂಗ್ಲಿಷ್ ಅಂಕಿಯೇ ಬೇಕು.

ಹಾಗಾದರೆ ಇಂಗ್ಲಿಷ್ ಎಷ್ಟು ಬೇಕು? ಭಾಷೆ ತನಗೆಂದೇ ಕಾಯ್ದಿರಿಸಿಕೊಂಡ ಮೂವತ್ತೈದು ಪದಗಳು, ‘ಪ್ರಿಂಟ್’ನಂಥ ಇನ್ನಷ್ಟು, ಜೊತೆಗೆ ತಪ್ಪಾದಾಗ ಬರುವ ಸೂಚನೆಗಳು. ಆ ಸೂಚನೆಯ ಕೊನೆಯ ಸಾಲನ್ನು ಮೊದಲು ಓದಿ. ತಪ್ಪು ಯಾವ ಬಗೆಯದೆಂದು ಅಲ್ಲಿರುತ್ತದೆ. ಮುಂದೆ ದೊಡ್ಡ ಪುಸ್ತಕಗಳಿಗೆ ಇಂಗ್ಲಿಷ್ ಬೇಕೇ ಬೇಕು, ಇಲ್ಲವೆನ್ನುವುದು ಮೋಸ. ಆದರೆ ಹೊಸಿಲಲ್ಲೇ ತಡೆಯುವಷ್ಟು ಅಡ್ಡಿ ಅದಲ್ಲ.

ಈಗ ಪಟ್ಟಿಯನ್ನು ತಾಳೆ ನೋಡೋಣ. ಪಟ್ಟಿಯಲ್ಲಿ ಕೊಟ್ಟ ಹಣವನ್ನು ‘ಪಟ್ಟಿ’ ಎಂಬ ಹೆಸರಿನಲ್ಲಿಡಿ, 23600 ಎನ್ನಿ. ‘ಇಫ್’ ಎಂದರೆ ‘ಆದರೆ’. ಇಫ್, ಪಟ್ಟಿ < ಮೊತ್ತ, ಕೊನೆಗೆ ಒಂದರ ಮೇಲೊಂದು ಎರಡು ಚುಕ್ಕೆ. ಮುಂದಿನ ಸಾಲನ್ನು ನಾಲ್ಕು ಜಾಗ ಒಳಗೆ ಸರಿಸಿ ಆರಂಭಿಸಿ. ಬೇರೆ ಭಾಷೆಗಳಲ್ಲಿ ಇದು ಅಂದಕ್ಕೆ, ಪೈಥಾನಿನಲ್ಲಿ ಇದೇ ವ್ಯಾಕರಣ; ಒಳಗೆ ಸರಿದ ಸಾಲು ಆ ಷರತ್ತಿಗೆ ಸೇರಿದ್ದೆಂದು ಅರ್ಥ. ಅಲ್ಲಿ ಪ್ರಿಂಟ್, ಆವರಣದಲ್ಲಿ ಉದ್ಧರಣ ಚಿಹ್ನೆಯೊಳಗೆ “ಅಂತರ”, ಒಂದು ಅಲ್ಪವಿರಾಮ, ಆಮೇಲೆ ಮೊತ್ತ - ಪಟ್ಟಿ. ನಡೆಸಿ ನೋಡಿ: ‘ಅಂತರ 300’ ಎಂದು ಕನ್ನಡದಲ್ಲೇ ಬರುತ್ತದೆ. ಆ ಮುನ್ನೂರು ಎಲ್ಲಿ ಹೋಯಿತೆಂದು ಅಡತಿಯಲ್ಲಿ ಕೇಳುವುದು ಮಾತ್ರ ನೀವೇ.