ಬರಕ್ಕೆ ಬಂದ ರೈಲು, ಹಂಪಿಯ ಬಾಗಿಲು

ಲೋಕದ ಜಾತ್ರೆಗೆಂದೇ ರೈಲು ನಿಲ್ದಾಣ ಕಟ್ಟಿಸಿದ ಊರುಗಳಿವೆ. ಪ್ಯಾರಿಸ್ಸಿನ ಓರ್ಸೆ ನಿಲ್ದಾಣ ಎದ್ದದ್ದು ಹಾಗೆ. 1900ರ ವಿಶ್ವ ವಸ್ತುಪ್ರದರ್ಶನಕ್ಕೆ ಬರುವವರನ್ನು ನಗರದ ನಡುವಿನಲ್ಲೇ ಇಳಿಸಬೇಕೆಂದು ವಾಸ್ತುಶಿಲ್ಪಿ ವಿಕ್ಟರ್ ಲಾಲೂ ಅದನ್ನು ಅರಮನೆಯಂತೆ ಕಟ್ಟಿದ. ಒಳಗಿನ ಕಬ್ಬಿಣದ ಚೌಕಟ್ಟಿಗೆ ಹೊರಗೆ ಕಲ್ಲಿನ ಮುಖ. ಹೊಗೆ ಕಾರದ ವಿದ್ಯುತ್ ಎಂಜಿನ್‌ಗಳು. ಆದರೆ ರೈಲುಗಳು ವರ್ಷ ವರ್ಷ ಉದ್ದವಾದವು, ಪ್ಲಾಟ್‌ಫಾರ್ಮ್ ಇದ್ದಷ್ಟೇ ಉಳಿಯಿತು. 1939ರ ಹೊತ್ತಿಗೆ ದೂರದ ಗಾಡಿಗಳು ಅಲ್ಲಿಗೆ ಬರುವುದೇ ನಿಂತಿತು. 1986ರ ಡಿಸೆಂಬರಿನಲ್ಲಿ ಅದು ಕಲಾ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ನಮ್ಮ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ ಅದೇ ವರ್ಷ.

ಆ ಹಂಪಿಗೆ ಬರುವವರು ರೈಲಿಳಿಯುವುದು ಹೊಸಪೇಟೆಯಲ್ಲಿ. ಈ ನಿಲ್ದಾಣವನ್ನು ಹುಟ್ಟಿಸಿದ್ದು ಹಸಿವು.

1876ರಿಂದ 1878ರವರೆಗೆ, ಧಾತು, ಈಶ್ವರ ಸಂವತ್ಸರಗಳಲ್ಲಿ, ಬಳ್ಳಾರಿ ಸೀಮೆ ಭೀಕರ ಬರಕ್ಕೆ ಸಿಕ್ಕಿತು. ರೈಲು ಬಳ್ಳಾರಿವರೆಗೆ ಬಂದಿತ್ತು. ಅಲ್ಲಿಂದಾಚೆಗೆ ಕಾಳು ಸಾಗಿಸಲು ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೇ ಸತ್ತ ಮೇಲೆ ಗಾಡಿ ಎಳೆಯುವವರಾರು? ಧಾನ್ಯ ಒಂದು ಕಡೆ, ಹಸಿದವರು ಇನ್ನೊಂದು ಕಡೆ ಉಳಿದರು. ಬರ ಕಳೆದ ಬಳಿಕ ನೇಮಕಗೊಂಡ ಕ್ಷಾಮ ಆಯೋಗ ರೈಲುದಾರಿ ಹೆಚ್ಚಿಸಿ ಎಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿಗೆ ಮೀಟರ್‌ಗೇಜ್ ಹಳಿ ಬಿತ್ತು.

ಕಾಳಿಗೆಂದು ಬಂದ ದಾರಿ ಮುಂದೆ ಸಂಡೂರಿನ ಅದಿರನ್ನೂ ಹೊತ್ತಿತು. ಸ್ವಾಮಿಹಳ್ಳಿಯ ಕಡೆಗೆ ಕವಲು ಹಳಿ ಬಂತು, ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಆಯಿತು. ಕೆಲಸ ಬದಲಾದಂತೆ ಬದಲಾಗುತ್ತ ಬಂದದ್ದರಿಂದಲೇ ಹೊಸಪೇಟೆಗೆ ಓರ್ಸೆಯ ಗತಿ ಬರಲಿಲ್ಲ.

ಅಲಂಕಾರ ಬಂದದ್ದು ಬಹಳ ತಡವಾಗಿ. ಹಂಪಿಯ ಸ್ಮಾರಕಗಳನ್ನು ಹೋಲುವಂತೆ ನವೀಕರಿಸಿದ ನಿಲ್ದಾಣ 2023ರ ಮಾರ್ಚ್ 12ರಂದು ಲೋಕಾರ್ಪಣೆಯಾಯಿತು. ಇಲ್ಲಿಂದ ಹುಬ್ಬಳ್ಳಿ ಮಾರ್ಗವಾಗಿ ತಿನೈಘಾಟ್‌ವರೆಗಿನ ಹಳಿಯ ವಿದ್ಯುದೀಕರಣದ ಲೋಕಾರ್ಪಣೆಯೂ ಅಂದೇ. ಅದೇ ವರ್ಷದ ಜುಲೈನಲ್ಲಿ ಜಿ-20 ದೇಶಗಳ ಪ್ರತಿನಿಧಿಗಳು ಹಂಪಿಯಲ್ಲಿ ಸಭೆ ಸೇರಿದರು. ಲೋಕವೇ ಬರುವ ಊರಿಗೆ ಇಂಥ ಬಾಗಿಲು ಒಪ್ಪುತ್ತದೆ. ಆದರೆ ಆ ಚೆಲುವಿನ ಮುಖದಲ್ಲಿ ವಿಜಯನಗರದ ವೈಭವ ಕಾಣುತ್ತದೆ, ಬರದ ಕಥೆ ಕಾಣುವುದಿಲ್ಲ.

ಎಮ್ಮಿಗನೂರು, ಕಂಪ್ಲಿ, ಸಂಡೂರು ಸೀಮೆಯ ಕೇಳುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಆ ಬರದ ಮಾತು, ಮೊದಲ ರೈಲಿನ ಮಾತು ಉಳಿದಿದ್ದರೆ ಕೇಳಿ ಬರೆದಿಡಿ. ಮಕ್ಕಳನ್ನು ಹಂಪಿಗೆ ಕರೆದೊಯ್ಯುವಾಗ ಹೊಸಪೇಟೆ ನಿಲ್ದಾಣದಲ್ಲಿ ನಿಂತು ಅದನ್ನು ಹೇಳಿ.