ನೆಲದ ಕಾನೂನು, ನೀರಿನ ದಾರಿ

ನಮ್ಮ ಶಾಸನಗಳನ್ನು ಓದುವವರಿಗೆ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಮಾತುಗಳು ಅಪರಿಚಿತವಲ್ಲ. ಕೆರೆಯನ್ನು ಕಟ್ಟಿಸಿದವರಿಗೆ, ಅದನ್ನು ಕಾಪಾಡಿಕೊಂಡು ಬರುವವರಿಗೆ ಬಿಟ್ಟುಕೊಡುತ್ತಿದ್ದ ಭೂಮಿ ಅದು. ಅಲ್ಲಿ ಹೊಲದ ಹಕ್ಕಿಗೂ ನೀರಿನ ಹೊಣೆಗೂ ನಂಟಿತ್ತು. ನೆಲವನ್ನು ಕುರಿತ ನಮ್ಮ ಇಂದಿನ ಕಾಯಿದೆಗಳಲ್ಲಿ ನನಗೆ ಮೊದಲು ಕಾಣುವ ಕೊರತೆ ಈ ನಂಟಿನದು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಸೀಮೆಯನ್ನೇ ನೋಡೋಣ. ನಂದಿಬೆಟ್ಟದ ಕಡೆ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರವನ್ನು ಹಾದು ಹೆಸರಘಟ್ಟಕ್ಕೆ, ಅಲ್ಲಿಂದ ತಿಪ್ಪಗೊಂಡನಹಳ್ಳಿಗೆ ಬರುತ್ತದೆ. ಶಿವಗಂಗೆಯ ಕಡೆಯ ಕುಮುದ್ವತಿ ಅಲ್ಲಿ ಅದನ್ನು ಕೂಡಿಕೊಳ್ಳುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಕೆರೆಗೆ ಇಳಿಯುತ್ತದೆ. ಇವು ಹೆಸರಿಗೆ ನದಿಗಳು. ನಿಜದಲ್ಲಿ ಮಳೆಯ ನೀರು ಕೋಡಿ ಹರಿದು ಕೆರೆಯಿಂದ ಕೆರೆಗೆ ಸಾಗುವ ಸರಪಳಿಗಳು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಿಂದೀಚೆಗೆ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರು ಪಡೆದದ್ದು ಈ ಸರಪಳಿಯ ನೀರನ್ನೇ.

ಕಾನೂನಿಗೆ ಈ ಸರಪಳಿ ಕಾಣುವುದಿಲ್ಲ. ಕಾಣುವುದು ಸರ್ವೆ ನಂಬರು. 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಭೂಪರಿವರ್ತನೆಯ ಅರ್ಜಿ ಬರುವುದು ಒಂದೊಂದು ಹಿಡುವಳಿಯ ಬಗ್ಗೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ನಕ್ಷೆಯಲ್ಲಿ ವಸತಿ, ಕೈಗಾರಿಕೆ, ಬೇಸಾಯ ಎಂದು ನೆಲವನ್ನು ವಿಂಗಡಿಸುತ್ತದೆ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ರದ್ದಾದ ಮೇಲೆ ಬೇಸಾಯಗಾರರಲ್ಲದವರೂ ಹೊಲ ಕೊಳ್ಳಬಹುದಾಯಿತು. ನೂರು ಹೊಲಗಳು ಒಂದೊಂದಾಗಿ, ಕ್ರಮಬದ್ಧವಾಗಿಯೇ ನಿವೇಶನಗಳಾಗಬಹುದು. ಯಾವ ಆದೇಶದಲ್ಲಿಯೂ ದೋಷವಿರದು. ಆದರೂ ಕೆಳಗಿನ ಕೆರೆಗೆ ನೀರು ಬಾರದೆ ಹೋದೀತು.

ವಾಯುಗುಣ ಬದಲಾಗುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. 2022ರ ಮಳೆಗೆ ಬೆಂಗಳೂರಿನ ಬಡಾವಣೆಗಳು ನೀರಿನಲ್ಲಿ ನಿಂತವು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಹೆಚ್ಚಿನ ಮಳೆಯನ್ನು ಹಿಡಿದಿಟ್ಟು ಕೊರತೆಯ ವರ್ಷಕ್ಕೆ ಉಳಿಸುವ ಸಾಧನ ಈ ಸೀಮೆಯಲ್ಲಿ ಕೆರೆಯೊಂದೇ.

ರಕ್ಷಣೆಯ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 2003ರಲ್ಲಿ ಸರ್ಕಾರ ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನೇ ಒಂದು ಘಟಕವೆಂದು ಭಾವಿಸಿ ಅಧಿಸೂಚನೆ ಹೊರಡಿಸಿತು. 2014ರ ಕೆರೆ ಸಂರಕ್ಷಣಾ ಕಾಯಿದೆ ಕೆರೆಯಂಚಿನಿಂದ 30 ಮೀಟರಿನೊಳಗೆ ಕಟ್ಟಡವನ್ನು ನಿಷೇಧಿಸಿತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ ಈ ಅಂತರವನ್ನು 75 ಮೀಟರಿಗೆ ಏರಿಸಿತು. ಶಾಸನಬದ್ಧ ನಿಯಮವನ್ನು ಬದಲಿಸುವ ಅಧಿಕಾರ ಮಂಡಳಿಗಿಲ್ಲವೆಂದು ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ತಳ್ಳಿಹಾಕಿತು. ಎಂದ ಮೇಲೆ ಈ ಹೊಣೆ ಶಾಸನಸಭೆಯದೇ. ಅಲ್ಲಿಗೆ 2025ರಲ್ಲಿ ಬಂದದ್ದಾದರೋ ಸಣ್ಣ ಕೆರೆಗಳ ಸುತ್ತಲಿನ ಅಂತರವನ್ನು ತಗ್ಗಿಸುವ ಮಸೂದೆ. ಸಣ್ಣ ಕೆರೆ ತುಂಬಿದರಲ್ಲವೆ ದೊಡ್ಡದಕ್ಕೆ ನೀರು?

ನನ್ನ ಸೂಚನೆ ಇಷ್ಟೆ. ಪ್ರತಿಯೊಂದು ಪಹಣಿಯೂ ಆ ಹೊಲದ ನೀರು ಯಾವ ಕೆರೆಗೆ ಇಳಿಯುತ್ತದೆಂಬುದನ್ನು ಹೇಳಲಿ. ಪರಿವರ್ತನೆಗೆ ಮುಂಚೆ ಆ ಕೆರೆಯ ಜಲಾನಯನ ಪ್ರದೇಶದಲ್ಲಿ ಈಗಾಗಲೇ ಎಷ್ಟು ನೆಲ ಮುಚ್ಚಿಹೋಗಿದೆಯೆಂಬ ಲೆಕ್ಕವಾಗಲಿ. ಖರಾಬಿನಲ್ಲಿರುವ ಹಳ್ಳ, ರಾಜಕಾಲುವೆಗಳ ಜಾಗ ಯಾವ ಕಾರಣಕ್ಕೂ ಕೈಬದಲಾಗದಿರಲಿ.

ಇಲ್ಲಿ ರೈತನ ಪ್ರಶ್ನೆಯೊಂದಿದೆ: “ಪಕ್ಕದವನು ಎಕರೆಗೆ ಕೋಟಿ ಎಣಿಸುವಾಗ ಊರಿನ ನೀರಿಗಾಗಿ ನಾನೊಬ್ಬನೇ ರಾಗಿ ಬಿತ್ತುತ್ತಿರಬೇಕೆ?” ನ್ಯಾಯವಾದ ಪ್ರಶ್ನೆ. ನಿಷೇಧವೊಂದೇ ಇದಕ್ಕೆ ಉತ್ತರವಾಗಲಾರದು. ಕೆರೆಯ ಮೇಲಿನ ಹೊಲವನ್ನು ಹೊಲವಾಗಿಯೇ ಉಳಿಸಿಕೊಳ್ಳುವವನಿಗೆ, ಆ ನೀರನ್ನು ಕುಡಿಯುವ ಪಟ್ಟಣ ವರ್ಷವರ್ಷವೂ ಸಲ್ಲಿಸಬೇಕಾದ ಪಾಲೊಂದನ್ನು ಕಾನೂನು ಗೊತ್ತುಮಾಡಬೇಕು. ಬಿತ್ತುವಟ್ಟವನ್ನು ಬಲ್ಲ ನಾಡಿಗೆ ಇದು ಹೊಸ ವಿಚಾರವೇನೂ ಅಲ್ಲ.